ಹಸಿರು ಗುಂಡಿ, ಕೆಂಪು ಗುಂಡಿ

ಈ ವಸ್ತುವನ್ನ ಕನ್ನಡದಲ್ಲಿ ಏನಂತ ಕರೆಯೋದು ಅನ್ನೋದೇ ಮೊದಲ ತಲೆನೋವು. ಗುಂಡಿ ಅಂದ್ರೆ ಅಂಗಿಯದ್ದು. ಬೆಂಗಳೂರಿನಲ್ಲಿ ಗುಂಡಿ ಅಂದ್ರೆ ರಸ್ತೆಯದ್ದು. ನಮ್ಮನೆಯಲ್ಲಿ ‘ಬಟನ್ನು’ ಅಂತ ಶುರುವಾಗಿದ್ದು ಅಮ್ಮನ ಬಾಯಲ್ಲಿ ಗುಂಡಿಯಾಯ್ತು, ಈಗ ಎಲ್ಲರಿಗೂ ಅದು ಗುಂಡಿಯೇ. ಹತ್ತು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಬಿಳಿ ಪ್ಲಾಸ್ಟಿಕ್ಕು, ವೈರು ಇಲ್ಲ. ಬೆನ್ನಿಗೆ ಡಬಲ್ ಸೈಡ್ ಟೇಪು. ಗೋಡೆಗೆ, ಮಂಚದ ಕಾಲಿಗೆ, ಫ್ರಿಜ್ಜಿನ ಪಕ್ಕಕ್ಕೆ, ಎಲ್ಲಿ ಬೇಕಾದ್ರೂ ಅಂಟಿಸಬಹುದು. ಇಲ್ಲಿ ಒತ್ತಿದರೆ ಇನ್ಯಾವುದೋ ರೂಮಿನಲ್ಲಿ ದೀಪ ಹತ್ತುತ್ತೆ, ಫ್ಯಾನ್ ನಿಲ್ಲುತ್ತೆ, ಗೀಸರ್ ಆನ್ ಆಗುತ್ತೆ.

ಸ್ಮಾರ್ಟ್ ಮನೆ ಅಂತ ಜಾಹೀರಾತುಗಳಲ್ಲಿ ತೋರಿಸೋದು ಬೇರೆ. ಅಲ್ಲಿ ಒಬ್ಬ ಯುವಕ ಸೋಫಾದಲ್ಲಿ ಕೂತು ಫೋನ್ ಸವರ್ತಾನೆ, ಪರದೆ ಸರಿಯುತ್ತೆ, ದೀಪ ನೀಲಿಯಾಗುತ್ತೆ. ಆ ಮನೆಯಲ್ಲಿ ಅವನ ಅಮ್ಮ ಎಲ್ಲಿದ್ದಾರೆ, ಅವರ ಫೋನಿನಲ್ಲೂ ಆ ಆ್ಯಪ್ ಇದೆಯಾ ಅಂತ ಯಾವ ಜಾಹೀರಾತೂ ಹೇಳಲ್ಲ. ನಾನು ಕಂಡ ಹಾಗೆ ಫೋನಿನಿಂದ ನಡೆಯೋ ಮನೆಯಲ್ಲಿ ಪಾಸ್‌ವರ್ಡ್ ಗೊತ್ತಿರೋ ಒಬ್ಬರು ಯಜಮಾನರು, ಮಿಕ್ಕವರೆಲ್ಲ ಬಾಡಿಗೆದಾರರು. ‘ಸ್ವಲ್ಪ ಲೈಟ್ ಹಾಕಪ್ಪಾ’ ಅಂತ ಕೇಳ್ಕೊಂಡು ಬದುಕಬೇಕು. ಮಾತು ಕೇಳೋ ಡಬ್ಬಿಗಳೂ ಬಂದಿವೆಯಲ್ಲ, ಅದನ್ನೂ ನೋಡಿದ್ದಾಯ್ತು. ಅಮ್ಮನ ಅರಸೀಕೆರೆ ಕನ್ನಡ ಅದಕ್ಕೆ ಹತ್ತಲಿಲ್ಲ, ಅದರ ಇಂಗ್ಲಿಷು ಅಮ್ಮನಿಗೆ ಹತ್ತಲಿಲ್ಲ. ರಾತ್ರಿ ಎರಡು ಗಂಟೆಗೆ ಮಲಗಿದವರನ್ನ ಎಬ್ಬಿಸೋ ಹಾಗೆ ಗೋಡೆ ಜೊತೆ ಯಾಕೆ ಮಾತಾಡಬೇಕು ಅನ್ನೋದು ಅಮ್ಮನ ಪ್ರಶ್ನೆ. ನ್ಯಾಯವಾದದ್ದೇ.

ಈ ಗುಂಡಿಗಳು ಮನೆಗೆ ಬಂದದ್ದು ಅಮ್ಮನ ಮಂಡಿ ಆಪರೇಷನ್ ಆದಮೇಲೆ. ಅಮ್ಮನಿಗೆ ಕೊಟ್ಟಿರೋ ರೂಮಿನಲ್ಲಿ ಸ್ವಿಚ್ ಬೋರ್ಡ್ ಇರೋದು ಬಾಗಿಲ ಹಿಂದೆ. ಯಾವ ಪುಣ್ಯಾತ್ಮ ಇಂಜಿನಿಯರ್ ಹಾಗೆ ಮಾಡಿದನೋ. ಮಂಚದಿಂದ ಏಳು ಹೆಜ್ಜೆ. ಬಚ್ಚಲು ಇರೋದು ಅದಕ್ಕೆ ವಿರುದ್ಧ ದಿಕ್ಕಿಗೆ. ಅಂದ್ರೆ ದೀಪ ಹಾಕೋದಕ್ಕೆ ಅಂತ ವಾಕರ್ ಹಿಡ್ಕೊಂಡು ಕತ್ತಲಲ್ಲಿ ಏಳು ಹೆಜ್ಜೆ, ಬಾಗಿಲು ಸರಿಸಿ, ಸ್ವಿಚ್ಚು ತಡಕಿ, ಮತ್ತೆ ತಿರುಗಿ ಬಚ್ಚಲಿಗೆ. ಬಾಡಿಗೆ ಮನೆ, ಗೋಡೆ ಕೊರೆಸಿ ಹೊಸ ಪಾಯಿಂಟ್ ಮಾಡಿಸೋ ಹಾಗಿಲ್ಲ. ಒಂದು ಮೊಳೆ ಹೊಡೆದರೂ ಅಡ್ವಾನ್ಸಿನಲ್ಲಿ ಹಿಡಿಯೋ ಓನರ್ರು. ಟೇಪಿನಲ್ಲಿ ಅಂಟೋ ವಸ್ತು ಒಂದೇ ನಮಗೆ ಉಳಿದಿದ್ದ ದಾರಿ.

ಮಂಚದ ತಲೆದೆಸೆಗೆ ಒಂದು ಗುಂಡಿ. ಒತ್ತಿದರೆ ಮಂಚದ ಅಡಿಯಿಂದ ಬಚ್ಚಲ ಬಾಗಿಲ ತನಕ ನೆಲಕ್ಕೆ ಹತ್ತಿರ ಅಂಟಿಸಿದ ಎಲ್ಇಡಿ ಪಟ್ಟಿ ಹತ್ತುತ್ತೆ, ಕಣ್ಣಿಗೆ ಚುಚ್ಚದ ಹಾಗೆ, ಹಣತೆಯಷ್ಟು. ಹತ್ತು ನಿಮಿಷಕ್ಕೆ ತಾನೇ ಆರುತ್ತೆ. ಎರಡನೇದು ಗೀಸರಿಗೆ. ಮೂರನೇದು ನಮ್ಮನ್ನ ಕರೆಯೋದಕ್ಕೆ. ಒತ್ತಿದರೆ ನಮ್ಮ ರೂಮಿನಲ್ಲಿ ಸಣ್ಣಗೆ ಟಿಂಗ್ ಅನ್ನುತ್ತೆ.

ಇದು ಕೆಲಸ ಮಾಡೋ ರೀತಿ ನನಗೆ ಇಷ್ಟ, ಸ್ವಲ್ಪ ಹೇಳಿಬಿಡ್ತೀನಿ. ಗುಂಡಿಯ ಹೊಟ್ಟೆಯಲ್ಲಿ ಒಂದು ಬಟನ್ ಸೆಲ್ಲು, ಮೂರು ವೋಲ್ಟಿನದು. ಅದರ ಮೇಲೆ ಸಿಆರ್ 2032 ಅಂತ ಬರೆದಿರುತ್ತಲ್ಲ, ಅದು ಏನೋ ಗುಪ್ತ ಸಂಖ್ಯೆಯಲ್ಲ, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ ಅಂತ ಅಷ್ಟೇ. ಅಷ್ಟು ಸಣ್ಣ ಸೆಲ್ಲು ವರ್ಷಗಟ್ಟಲೆ ಬಾಳೋದು ಹೇಗೆ ಅಂದ್ರೆ, ಗುಂಡಿ ಯಾವಾಗಲೂ ನಿದ್ದೆಯಲ್ಲಿರುತ್ತೆ. ಒತ್ತಿದಾಗ ಎಚ್ಚರಾಗಿ, ‘ನನ್ನನ್ನ ಒತ್ತಿದರು’ ಅಂತ ರೇಡಿಯೋ ಅಲೆಯಲ್ಲಿ ಒಂದು ಮಾತು ಹೇಳಿ, ಮತ್ತೆ ಮಲಗುತ್ತೆ. ಆ ಮಾತನ್ನ ಕೇಳಿಸಿಕೊಳ್ಳೋದಕ್ಕೆ ಅಂತ ಹಾಲಿನಲ್ಲಿ ಒಂದು ಹಬ್ ಇರುತ್ತೆ, ಅದು ಮಾತ್ರ ಕರೆಂಟಿಗೆ ಸಿಕ್ಕಿಸಿಕೊಂಡು ಸದಾ ಎಚ್ಚರ. ಯಾವ ಗುಂಡಿಗೆ ಯಾವ ದೀಪ ಅನ್ನೋ ಬುದ್ಧಿಯೆಲ್ಲ ಅದರದ್ದು, ಗುಂಡಿಗೆ ಏನೂ ಗೊತ್ತಿಲ್ಲ. ಈ ಭಾಷೆಗೆ ಜಿಗ್ಬೀ ಅಂತ ಹೆಸರು. ಜೇನುಹುಳ ಗೂಡಿಗೆ ವಾಪಸ್ ಬಂದು ಕುಣಿದು, ಹೂವು ಎಲ್ಲಿದೆ ಅಂತ ಉಳಿದವಕ್ಕೆ ಹೇಳುತ್ತಲ್ಲ, ಆ ಕುಣಿತದಿಂದ ಬಂದ ಹೆಸರು. ಕರೆಂಟಿಗೆ ಸಿಕ್ಕಿಸಿದ ಬಹುಪಾಲು ಜಿಗ್ಬೀ ಬಲ್ಬು, ಪ್ಲಗ್ಗುಗಳು ಕೇಳಿದ ಮಾತನ್ನ ಮುಂದಕ್ಕೆ ದಾಟಿಸುತ್ತವೆ, ಹಾಗಾಗಿ ಎರಡು ಗೋಡೆ ಅಡ್ಡ ಇದ್ದರೂ ಸುದ್ದಿ ಮುಟ್ಟುತ್ತೆ. ವೈಫೈ ಗುಂಡಿಗಳೂ ಸಿಗುತ್ತವೆ. ಅವು ಪ್ರತಿಸಲ ಎದ್ದು ನೆಟ್‌ವರ್ಕ್ ಸೇರಿ ಮಾತಾಡಬೇಕು, ಸೆಲ್ಲು ಬೇಗ ತಿಂತವೆ.

ಸೆಲ್ಲಿನ ವಿಷಯ ಬಂದದ್ದರಿಂದ ಹೇಳ್ತೀನಿ, ಗುಂಡಿ ಕೊಳ್ಳೋವಾಗ ಸೆಲ್ಲಿನ ಮುಚ್ಚಳಕ್ಕೆ ಸ್ಕ್ರೂ ಇದೆಯಾ ನೋಡಿ. ಮಕ್ಕಳು ಈ ಸೆಲ್ಲು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯಲ್ಲೇ ಒಳಗೆ ಸುಡೋದಕ್ಕೆ ಶುರುವಾಗುತ್ತೆ. ನಮ್ಮನೆಗೆ ಕೆಲಸಕ್ಕೆ ಬರೋ ಅಕ್ಕ ಕೆಲವು ದಿನ ಮೊಮ್ಮಗನನ್ನ ಕರ್ಕೊಂಡು ಬರ್ತಾರೆ, ಅವನ ಎತ್ತರಕ್ಕೆ ಸಿಗೋ ಜಾಗದಲ್ಲಿ ನಾವು ಏನೂ ಅಂಟಿಸಲ್ಲ.

ಗೀಸರಿಗೆ ಸುಮ್ಮನೆ ಯಾವುದೋ ಸ್ಮಾರ್ಟ್ ಪ್ಲಗ್ ಹಾಕೋದೂ ಬೇಡ. 2000 ವಾಟಿನ ಗೀಸರ್ ನಮ್ಮ 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತೆ, 16 ಆಂಪಿಯರಿನ ಪ್ಲಗ್ಗೇ ಬೇಕು. ಅಮ್ಮ ಬೆಳಿಗ್ಗೆ ಐದಕ್ಕೆ ಏಳೋರು. ಮಂಚದಲ್ಲೇ ಕೂತು ಗುಂಡಿ ಒತ್ತಿದರೆ ಇಪ್ಪತ್ತು ನಿಮಿಷ ಗೀಸರ್ ಓಡಿ ತಾನೇ ಆಫ್ ಆಗಬೇಕು, ಅಷ್ಟರಲ್ಲಿ ನೀರು ಕಾದಿರಬೇಕು. ಲೆಕ್ಕ ಸರಿಯಾಗಿತ್ತು. ಆದರೆ ಅಮ್ಮನಿಗೆ ದಿನಾ ತಣ್ಣೀರು ಸಿಗ್ತಿತ್ತು.

ಕಾರಣ ಹೇಳಿದ್ದೂ ಅಮ್ಮನೇ. ಪೆಟ್ಟಿಗೆಯಿಂದ ತೆಗೆದಾಗ ಈ ಗುಂಡಿಗಳ ಸ್ವಭಾವ ಏನು ಅಂದ್ರೆ, ಒಂದು ಸಲ ಒತ್ತಿದರೆ ಆನ್, ಇನ್ನೊಂದು ಸಲ ಒತ್ತಿದರೆ ಆಫ್. ದೀಪಕ್ಕಾದರೆ ಸರಿ, ಕಣ್ಣಿಗೆ ಕಾಣುತ್ತೆ. ಗೀಸರ್ ಇರೋದು ಬಚ್ಚಲೊಳಗೆ. ಒತ್ತಿದ್ದು ಮುಟ್ಟಿತೋ ಇಲ್ಲವೋ ಅಂತ ಅನುಮಾನ ಬಂದು ಅಮ್ಮ ಇನ್ನೊಂದು ಸಲ ಒತ್ತೋರು. ಆಫ್.

“ಇದನ್ನ ಮಾಡ್ದೋನು ಯಾವತ್ತೂ ಪಂಪ್‌ಸೆಟ್ ನೋಡಿಲ್ಲ ಕಣೇ” ಅಂದರು. “ಸ್ಟಾರ್ಟ್ರಲ್ಲಿ ಎಲ್ಡು ಗುಂಡಿ ಇರ್ತವೆ. ಹಸ್ರುದ್ದು ಹತ್ತು ಸಲ ಒತ್ತು, ಮೋಟ್ರು ಓಡ್ತಾನೇ ಇರ್ತದೆ. ಕೆಂಪುದ್ದು ಹತ್ತು ಸಲ ಒತ್ತು, ನಿಂತೇ ಇರ್ತದೆ. ನಿಂದು ಹಂಗಾ? ಎಷ್ಟನೇ ಸಲ ಒತ್ತಿದ್ದು ಅಂತ ನಾನು ಲೆಕ್ಕ ಇಟ್ಕಂಡು ಕೂತ್ಕಬೇಕಾ?”

ನಾನು ಒಂದು ನಿಮಿಷ ಸುಮ್ಮನಾಗಿಬಿಟ್ಟೆ. ಹಳೇ ಕಾಲದ ಗೋಡೆ ಸ್ವಿಚ್ಚಿಗೆ ಕೆಳಗೆ ಅಂದ್ರೆ ಆನ್, ಮೇಲೆ ಅಂದ್ರೆ ಆಫ್. ಕಣ್ಣು ಮುಚ್ಚಿ ಬೆರಳಾಡಿಸಿದರೂ ಗೊತ್ತಾಗುತ್ತೆ. ಪಂಪ್‌ಸೆಟ್ ಸ್ಟಾರ್ಟರಿನಲ್ಲಿ ಹಸಿರು, ಕೆಂಪು. ಈ ವೈರಿಲ್ಲದ ಬಿಳಿ ಗುಂಡಿ ಮಾತ್ರ ಒತ್ತೋ ಮುಂಚೆ ಹೇಗಿತ್ತೋ ಒತ್ತಿದ ಮೇಲೂ ಹಾಗೇ ಇರುತ್ತೆ. ಮುಖದಲ್ಲಿ ಏನೂ ತೋರಿಸಲ್ಲ. ಅಡುಗೆಮನೆಯಲ್ಲಿ ನಿಂತು ಬೆಡ್‌ರೂಮಿನ ಫ್ಯಾನು ಆಫ್ ಮಾಡೋ ಎಲ್ಲರಿಗೂ ಇದೇ ಪಾಡು, ಹೋಗಿ ನೋಡಿಕೊಂಡು ಬರ್ತೀವಿ. ಹೋಗಿ ನೋಡೋದಾದ್ರೆ ಗುಂಡಿ ಯಾಕೆ ಬೇಕಿತ್ತು!

ಅವತ್ತೇ ಇನ್ನೊಂದು ಗುಂಡಿ ಅಂಟಿಸಿ, ಒಂದು ಬರೀ ಆನ್, ಇನ್ನೊಂದು ಬರೀ ಆಫ್ ಅಂತ ಹಬ್ಬಿನಲ್ಲಿ ಬದಲಾಯಿಸಿದೆವು. ಮಗಳು ಅವಳ ನೇಲ್ ಪಾಲಿಶಿನಲ್ಲಿ ಒಂದಕ್ಕೆ ಹಸಿರು, ಒಂದಕ್ಕೆ ಕೆಂಪು ಬಳಿದಳು. ಗೀಸರ್ ನಿಜಕ್ಕೂ ಆನ್ ಆದಾಗ ಮಂಚದ ಕೆಳಗಿನ ಪಟ್ಟಿ ಒಂದು ಸಲ ಮಿನುಗೋ ಹಾಗೆ ಮಾಡಿದೆವು, ಉತ್ತರ ಕೊಟ್ಟ ಹಾಗೆ. ಅವತ್ತಿನಿಂದ ಬಿಸಿನೀರು. ಎಷ್ಟು ಕರೆಂಟು ಹೋಗುತ್ತೆ ಅಂತಲೂ ಕೇಳಿದರು. 2000 ವಾಟಿನದು ಅರ್ಧ ಗಂಟೆ ಓಡಿದರೆ ಒಂದು ಯೂನಿಟ್ ಅಂತ ಲೆಕ್ಕ ಹೇಳಿದ ಮೇಲೆ ಕೆಂಪು ಗುಂಡಿಯನ್ನ ಹದಿನೈದನೇ ನಿಮಿಷಕ್ಕೇ ಒತ್ತೋದಕ್ಕೆ ಶುರು ಮಾಡಿದ್ದಾರೆ.

ಅಮ್ಮನಿಗೆ ಇದೆಲ್ಲ ಹೊಸತು ಅಂತ ನಾವು ಅಂದುಕೊಂಡಿದ್ದರಲ್ಲೇ ಅಹಂಕಾರ ಇದೆ ಅನ್ಸುತ್ತೆ. ದೂರದಲ್ಲಿರೋ ಯಂತ್ರವನ್ನ ಕೂತಲ್ಲಿಂದ ನಡೆಸೋದು ನಗರದ ಸೋಫಾದಲ್ಲಿ ಹುಟ್ಟಿದ್ದಲ್ಲ. ನಮ್ಮ ಕಡೆ ತೆಂಗಿನ ತೋಟದ ಬೋರ್‌ವೆಲ್ಲಿಗೆ ತ್ರೀ ಫೇಸ್ ಕರೆಂಟು ಬರ್ತಿದ್ದದ್ದು ಅಪರಾತ್ರಿಯಲ್ಲಿ. ಮಾವ ಬ್ಯಾಟರಿ ಹಿಡ್ಕೊಂಡು, ಹಾವಿಗೆ ಹೆದರಿ ಕಾಲು ಬಡ್ಕೊಂಡು ತೋಟಕ್ಕೆ ಹೋಗಿ ಹಸಿರು ಗುಂಡಿ ಒತ್ತಿ ಬರ್ತಿದ್ದರು. ಆಮೇಲೆ ಮೊಬೈಲ್ ಸ್ಟಾರ್ಟರ್ ಬಂತು. ಸ್ಟಾರ್ಟರ್ ಡಬ್ಬಿಯೊಳಗೆ ಒಂದು ಸಿಮ್ಮು, ಮನೆಯಿಂದ ಫೋನ್ ಮಾಡಿದರೆ ಮೋಟ್ರು ಶುರು. ನಾನು ಮನೆಯಲ್ಲಿ ಸ್ಮಾರ್ಟ್ ಬಲ್ಬು ಕಾಣೋ ಮುಂಚೆಯೇ ಮಾವ ಜಗುಲಿಯಲ್ಲಿ ಕೂತು ತೋಟಕ್ಕೆ ನೀರು ಬಿಡ್ತಿದ್ದರು. ಅದಕ್ಕೆ ಯಾರೂ ‘ಸ್ಮಾರ್ಟ್’ ಅನ್ನಲಿಲ್ಲ ಅಷ್ಟೇ.

ಗೋಡೆಯ ಹಳೇ ಸ್ವಿಚ್ಚಿನದು ಬೇರೆ ಕಥೆ. ಈ ಬಲ್ಬುಗಳಿಗೆ ಗೋಡೆಯಲ್ಲಿ ಸ್ವಿಚ್ಚು ಯಾವಾಗಲೂ ಆನ್ ಇರಬೇಕು, ಆಗಲೇ ಗುಂಡಿಯ ಮಾತು ಅದಕ್ಕೆ ಕೇಳಿಸೋದು. ಆದರೆ ಮೂವತ್ತು ವರ್ಷ ‘ರೂಮಿಂದ ಬರೋವಾಗ ಲೈಟ್ ಆರಿಸಿ ಬಾ’ ಅಂತ ಬೈಸ್ಕೊಂಡು ಬೆಳೆದವರ ಕೈ ಸುಮ್ಮನಿರುತ್ತಾ? ಕೆಲಸದ ಅಕ್ಕ ಗುಡಿಸಿ ಬರೋವಾಗ ಟಪ್ ಅಂತ ಆರಿಸಿ ಬರ್ತಾರೆ. ಬಲ್ಬು ಸತ್ತು, ಅದು ದಾಟಿಸ್ತಿದ್ದ ಮಾತೂ ನಿಂತು, ಆಚೆ ರೂಮಿನ ಗುಂಡಿಯೂ ಮೂಕ. ಕೆಲವರು ಸ್ವಿಚ್ಚಿನ ಮೇಲೆ ಟೇಪ್ ಅಂಟಿಸಿ ‘ಮುಟ್ಟಬೇಡಿ’ ಅಂತ ಬರೆದಿರೋದು ನೋಡಿದ್ದೀನಿ. ಮನೆಗೆ ಬಂದವರು ಸ್ವಿಚ್ಚು ಮುಟ್ಟೋದಕ್ಕೂ ಅನುಮತಿ ಕೇಳೋ ಮನೆ ನನಗೆ ಬೇಡ. ಅಕ್ಕನಿಗೆ ಯಾವ ಗುಂಡಿ ಯಾವುದಕ್ಕೆ ಅಂತ ತೋರಿಸಿದ್ದಾಯ್ತು. ಆಮೇಲೆ ಅಡುಗೆಮನೆಯಲ್ಲಿ ಎಲ್ಲವನ್ನೂ ಕಿತ್ತು ಮಾಮೂಲಿ ಟ್ಯೂಬ್‌ಲೈಟು, ಮಾಮೂಲಿ ಸ್ವಿಚ್ಚೇ ಉಳಿಸಿಕೊಂಡೆವು. ಅದರಷ್ಟು ಚೆನ್ನಾಗಿ ಕೆಲಸ ಮಾಡೋದು ಇನ್ನೂ ಯಾರೂ ಕಂಡುಹಿಡಿದಿಲ್ಲ. ಕರೆಂಟು ಹೋಗಿ ಬಂದಾಗ ಕೆಲವು ಸ್ಮಾರ್ಟ್ ಬಲ್ಬು ನಡುರಾತ್ರಿಯಲ್ಲಿ ಪೂರ್ತಿ ಬೆಳಕಿನಲ್ಲಿ ತಾವೇ ಹತ್ತಿಕೊಳ್ಳುತ್ತವೆ, ಸೆಟ್ಟಿಂಗಿನಲ್ಲಿ ‘ಮೊದಲಿದ್ದ ಹಾಗೇ ಇರು’ ಅಂತ ಹೇಳಿಡಬೇಕು. ಬೆಸ್ಕಾಂ ಊರಿನಲ್ಲಿ ಇದು ಸಣ್ಣ ವಿಷಯವಲ್ಲ.

ಮೂರನೇ ಗುಂಡಿಯನ್ನ, ಅದೇ ನಮ್ಮನ್ನ ಕರೆಯೋದು, ಅಮ್ಮ ಒಂದು ಸಲವೂ ಒತ್ತಲಿಲ್ಲ. ಕೆಮ್ಮು ಬಂದಾಗಲೂ ಇಲ್ಲ, ಫ್ಲಾಸ್ಕಿನಲ್ಲಿ ನೀರು ಮುಗಿದಾಗಲೂ ಇಲ್ಲ. “ಬೆಲ್ ಹೊಡ್ದು ಕರೆಯೋಕೆ ನಾನೇನು ಡೀಸಿನಾ?” ಅಂದರು. ಒಂದಿನ ನಿಜ ಹೇಳಿದರು. ಆಪರೇಷನ್ ಆದ ಎರಡನೇ ರಾತ್ರಿ ಆಸ್ಪತ್ರೆಯ ಮಂಚದ ಬೆಲ್ ಒತ್ತಿದಾಗ, ಬಂದ ಹುಡುಗಿ ‘ಸುಮ್ಸುಮ್ನೆ ಒತ್ತಬೇಡಿ ಅಜ್ಜಿ’ ಅಂದಿದ್ದಳಂತೆ. ಆ ಹುಡುಗಿಗೆ ಅವತ್ತು ಎಷ್ಟು ಮಂಚ ನೋಡ್ಕೋಬೇಕಿತ್ತೋ ಪಾಪ. ಅಮ್ಮ ಮಾತ್ರ ಬೆಲ್ ಅಂದ್ರೆ ಇನ್ನೊಬ್ಬರಿಗೆ ತೊಂದರೆ ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ದೀಪದ ಗುಂಡಿಯಲ್ಲಿ ಆ ಸಂಕೋಚ ಇರಲಿಲ್ಲ. ದೀಪ ಯಾರನ್ನೂ ಬೈಯಲ್ಲ.

ಈಗ ನಾನು ನಿಜಕ್ಕೂ ಬರೀಬೇಕು ಅಂದ್ಕೊಂಡದ್ದಕ್ಕೆ ಬರ್ತೀನಿ. ಅದಕ್ಕೆ ಮುಂಚೆ ಅಮೆರಿಕದ ಒಂದು ಗುಂಡಿಯ ಸುದ್ದಿ. 2015ರ ಮಾರ್ಚ್ 31ರಂದು ಅಮೆಜಾನ್ ಕಂಪನಿ ಡ್ಯಾಶ್ ಬಟನ್ ಅಂತ ಪ್ರಕಟಿಸಿತು. ಮಾರನೇ ದಿನ ಏಪ್ರಿಲ್ ಒಂದು, ಹಾಗಾಗಿ ತುಂಬಾ ಜನ ಏಪ್ರಿಲ್ ಫೂಲ್ ಅಂದುಕೊಂಡರು. ವಾಷಿಂಗ್ ಮೆಷಿನ್ನಿಗೆ ಅಂಟಿಸಿಕೊಂಡು, ಸೋಪಿನ ಪುಡಿ ಮುಗಿದಾಗ ಒತ್ತಿದರೆ ಆರ್ಡರ್ ಹೋಗುತ್ತೆ, ಪುಡಿ ಮನೆಗೆ ಬರುತ್ತೆ. ಬೆಲೆ ಐದು ಡಾಲರ್. ಒತ್ತೋವಾಗ ಬೆಲೆ ತಿಳಿಯಲ್ಲ, ಇದು ಗ್ರಾಹಕರಿಗೆ ಅನ್ಯಾಯ ಅಂತ 2019ರ ಜನವರಿಯಲ್ಲಿ ಜರ್ಮನಿಯ ಮ್ಯೂನಿಕ್ ಕೋರ್ಟ್ ಹೇಳಿತು. ಅದೇ ವರ್ಷ ಆ ಗುಂಡಿಯ ಕಾಲವೂ ಮುಗಿಯಿತು. ನನಗೆ ನೆನಪಿರೋದು ಸೋಪಿನ ಪುಡಿಯಲ್ಲ. ಅದು ಬಂದ ವರ್ಷವೇ ಅಲ್ಲೊಬ್ಬ ತಂದೆ ಆ ಐದು ಡಾಲರಿನ ಗುಂಡಿಯ ದಾರಿ ತಪ್ಪಿಸಿ, ತನ್ನ ಕೂಸು ಯಾವಾಗ ಎದ್ದಿತು, ಯಾವಾಗ ಕಕ್ಕ ಮಾಡಿತು ಅಂತ ಲೆಕ್ಕ ಇಡೋದಕ್ಕೆ ಬಳಸಿದ. ಒಂದೊಂದು ಒತ್ತಿಗೆ ಹಾಳೆಯಲ್ಲಿ ಒಂದೊಂದು ಸಾಲು. ಓದಿದಾಗ ಭಲೇ ಅನ್ನಿಸಿತ್ತು. ಕೂಸಿನ ಲೆಕ್ಕ ಅಪ್ಪ ಇಡೋದರಲ್ಲಿ ಕೂಸಿಗೆ ಏನೂ ಬೇಜಾರಿಲ್ಲ.

ನಮ್ಮ ಹಬ್ಬೂ ಲೆಕ್ಕ ಇಡುತ್ತೆ. ಯಾರೂ ಹೇಳದಿದ್ದರೂ ಇಡುತ್ತೆ. ಯಾವ ಗುಂಡಿ, ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷ. ಒಂದು ಭಾನುವಾರ ಸೆಲ್ಲು ಎಷ್ಟು ಉಳಿದಿದೆ ನೋಡೋಣ ಅಂತ ಆ್ಯಪ್ ತೆಗೆದರೆ ಕೆಳಗೆ ಪಟ್ಟಿ: ಹನ್ನೆರಡೂಕಾಲು, ಒಂದೂ ಐವತ್ತು, ಮೂರೂ ಇಪ್ಪತ್ತು, ನಾಲ್ಕೂ ಮೂವತ್ತೈದು. ಹಿಂದಿನ ರಾತ್ರಿಯೂ ಹಾಗೇ. ಅದರ ಹಿಂದಿನದೂ ಹಾಗೇ. ಮಂಡಿ ತೋರಿಸೋದಕ್ಕೆ ಹೋದಾಗ ಡಾಕ್ಟರ್ ‘ನಿದ್ದೆ ಹೇಗಿದೆ’ ಅಂತ ಕೇಳಿದ್ದಕ್ಕೆ, ನನ್ನ ಎದುರಿಗೇ ಅಮ್ಮ ‘ಚೆನ್ನಾಗಿ ಬರ್ತದೆ’ ಅಂದಿದ್ದರು.

ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಇರೋದಕ್ಕೆ ನನಗೆ ಬರಲ್ಲ. ಕೇಳಿದೆ. “ರಾತ್ರಿ ನಾಲ್ಕು ಸಲ ಏಳ್ತೀಯಲ್ಲಮ್ಮ, ಯಾಕೆ ಹೇಳಲಿಲ್ಲ?”

“ನಿಂಗ್ಯಾರು ಹೇಳಿದ್ದು?”

ಗುಂಡಿ ಅಂದೆ. ಅಮ್ಮ ಅದನ್ನ ಸ್ವಲ್ಪ ಹೊತ್ತು ನೋಡಿದರು. “ಇದು ಲೆಕ್ಕ ಬರೀತದಾ?” ಅಂದರು. ಅಷ್ಟೇ. ಕೋಪ ಇರಲಿಲ್ಲ. ಪಕ್ಕದ ಮನೆಯವರು ಕಿಟಕಿಯಿಂದ ನೋಡ್ತಾ ಇದ್ದರು ಅಂತ ತಡವಾಗಿ ಗೊತ್ತಾದಾಗ ಸೆರಗು ಸರಿ ಮಾಡ್ಕೋತಾರಲ್ಲ, ಅಂಥ ಒಂದು ಮುಖ.

ಮೂರು ರಾತ್ರಿ ಪಟ್ಟಿಯಲ್ಲಿ ಒಂದೂ ಸಾಲು ಇಲ್ಲ. ನಿದ್ದೆ ಸರಿಹೋಯಿತು ಅಂತ ಯಾರಾದ್ರೂ ಅಂದುಕೋಬಹುದಿತ್ತು. ನಾಲ್ಕನೇ ರಾತ್ರಿ ನೀರು ಕುಡಿಯೋದಕ್ಕೆ ಅಂತ ಎದ್ದಾಗ ಅಮ್ಮನ ರೂಮಿನಿಂದ ವಾಕರ್ ನೆಲಕ್ಕೆ ತಾಗೋ ಸದ್ದು. ದೀಪ ಇಲ್ಲ. ಗೋಡೆ ಹಿಡ್ಕೊಂಡು ಕತ್ತಲಲ್ಲಿ ಬಚ್ಚಲಿಗೆ ಹೋಗ್ತಿದ್ದರು, ಗುಂಡಿ ಒತ್ತದೆ.

ಹೊಸ ಮಂಡಿ ಹಾಕಿಸಿಕೊಂಡ ಎಪ್ಪತ್ತನಾಲ್ಕು ವರ್ಷದವರು ಕತ್ತಲಲ್ಲಿ ಬಿದ್ದರೆ ಏನಾಗುತ್ತೆ ಅಂತ ಬರೆಯೋದು ಬೇಡ. ಬೀಳಬಾರದು ಅಂತಲೇ ತಂದ ವಸ್ತು ಅದು.

ಹಾಗಾದ್ರೆ ನಡೆದಾಗ ತಾನೇ ಹತ್ತೋ ಸೆನ್ಸರ್ ಹಾಕಿ ಅಂತ ಗೆಳತಿಯೊಬ್ಬಳು ಹೇಳಿದಳು. ಅದು ಒತ್ತೋ ಆಯ್ಕೆಯನ್ನೂ ಕಿತ್ಕೊಳ್ಳುತ್ತೆ. ಮಗ್ಗಲು ಬದಲಾಯಿಸಿ ಕಾಲು ಇಳಿಬಿಟ್ಟರೂ ದೀಪ, ದೀಪ ಹತ್ತಿದಾಗಲೆಲ್ಲ ಇನ್ನೊಂದು ಸಾಲು. ಗುಂಡಿಯಲ್ಲಾದರೂ ಅಮ್ಮನಿಗೆ ಒತ್ತದೆ ಇರೋ ಸ್ವಾತಂತ್ರ್ಯ ಇತ್ತು, ಅದನ್ನ ಅವರು ಉಪಯೋಗಿಸಿದ್ದರು, ಅಷ್ಟೇ. ನನ್ನ ಗಂಡ ಎತ್ತಿದ ಪ್ರಶ್ನೆ ಬೇರೆ: ಲೆಕ್ಕ ನಿಲ್ಲಿಸಿದರೆ ನಾಳೆ ಏನಾದ್ರೂ ಆದಾಗ ನಮಗೆ ಗೊತ್ತಾಗೋದು ಹೇಗೆ? ಅದೂ ಸುಳ್ಳಲ್ಲ. ಅವತ್ತು ರಾತ್ರಿ ನಾವಿಬ್ಬರೂ ಇದನ್ನ ಹನ್ನೊಂದು ಗಂಟೆ ತನಕ ಎಳೆದಾಡಿದೆವು. ಕೊನೆಗೆ ನನ್ನ ಮಾತು ಇಷ್ಟು: ಅಮ್ಮನಿಗೆ ದೀಪ ಬೇಕು, ಅದು ಮೊದಲು. ಲೆಕ್ಕ ನಮಗೆ ಬೇಕು, ಅದು ಆಮೇಲೆ. ಎರಡರಲ್ಲಿ ಒಂದೇ ಅಂದ್ರೆ ದೀಪ.

ನಾವು ಬಳಸೋದು ಹೋಮ್ ಅಸಿಸ್ಟೆಂಟ್ ಅನ್ನೋ ಓಪನ್ ಸೋರ್ಸ್ ತಂತ್ರಾಂಶ. ಅದು ನಮ್ಮನೆಯ ಸಣ್ಣ ಕಂಪ್ಯೂಟರಿನಲ್ಲೇ ಓಡುತ್ತೆ, ಯಾವ ಗುಂಡಿಯ ದಾಖಲೆ ಇಡಬೇಕು, ಯಾವುದು ಬೇಡ ಅಂತ ನಾವೇ ಹೇಳಬಹುದು. ಹಬ್ಬಿನ ಲೆಕ್ಕವೆಲ್ಲ ಕಂಪನಿಯ ಸರ್ವರಿನಲ್ಲೇ ಉಳಿಯೋ ಸಾಮಾನುಗಳೂ ಇವೆ. ಕೊಳ್ಳೋವಾಗ ಬಣ್ಣ, ಬೆಲೆ ನೋಡೋ ಮುಂಚೆ ಇದನ್ನ ಕೇಳಿ ಅಂತ ನಾನು ಎಲ್ಲರಿಗೂ ಹೇಳ್ತೀನಿ. ಅಮ್ಮನನ್ನ ಪಕ್ಕದಲ್ಲಿ ಕೂರಿಸಿಕೊಂಡೇ ಅವರ ರೂಮಿನ ಗುಂಡಿಗಳನ್ನೂ ಮಂಚದ ಪಟ್ಟಿಯನ್ನೂ ದಾಖಲೆಯಿಂದ ಹೊರಗಿಟ್ಟೆ. ಹಳೇ ಸಾಲುಗಳನ್ನ ಅಳಿಸಿದೆ. “ಈಗ ಒತ್ತು” ಅಂದೆ. ಒತ್ತಿದರು, ದೀಪ ಹತ್ತಿತು. ಫೋನ್ ಇಸ್ಕೊಂಡು ಕನ್ನಡಕ ಹಾಕ್ಕೊಂಡು ಪಟ್ಟಿ ನೋಡಿದರು. ಖಾಲಿ. ಇನ್ನೊಂದು ಸಲ ಒತ್ತಿ ಮತ್ತೆ ನೋಡಿದರು. ಬ್ಯಾಂಕ್ ಪಾಸ್‌ಬುಕ್ಕನ್ನೂ ಅವರು ಹೀಗೇ ನೋಡೋದು.

ಎರಡು ವಾರ ಬಿಟ್ಟು ಬಿಪಿ ತೋರಿಸೋದಕ್ಕೆ ಹೋದಾಗ, ನಾನು ಬಾಯಿ ಬಿಡೋ ಮುಂಚೆ ಅಮ್ಮನೇ “ರಾತ್ರೆ ನಾಕ್ ಸಲ ಎದ್ದೇಳಂಗಾಯ್ತದೆ ಡಾಕ್ಟ್ರೇ” ಅಂದರು. ಡಾಕ್ಟರ್ ಮಾತ್ರೆ ಚೀಟಿ ತಿರುಗಿಸಿ ನೋಡಿದರು. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸೋ ಔಷಧಿಯೂ ಸೇರಿತ್ತು, ಅಮ್ಮ ಅದನ್ನ ರಾತ್ರಿ ಊಟ ಆದಮೇಲೆ ತಗೊಳ್ತಿದ್ದರು. ಬೆಳಿಗ್ಗೆ ತಿಂಡಿ ಆದಮೇಲೆ ತಗೊಳ್ಳಿ ಅಂತ ಬರೆದುಕೊಟ್ಟರು.

ಈಗ ಎಷ್ಟು ಸಲ ಏಳ್ತಾರೆ ಅಂತ ನನಗೆ ಗೊತ್ತಿಲ್ಲ. ಕೇಳಿದರೆ ಹೇಳ್ತಾರೆ, ಒಂದೊಂದು ದಿನ ‘ಒಂದೇ ಸಲ’, ಒಂದೊಂದು ದಿನ ‘ಗ್ಯಾನ ಇಲ್ಲ ಹೋಗೆ’. ಬಾಗಿಲ ಸಂದಿಯಲ್ಲಿ ಹಣತೆಯಷ್ಟು ಬೆಳಕು ಆಗಾಗ ಕಾಣುತ್ತೆ, ಕಂಡಾಗ ಮಗ್ಗಲು ಬದಲಾಯಿಸಿ ಮಲಗ್ತೀನಿ. ಕರೆಯೋ ಗುಂಡಿಯನ್ನ ಮಗಳು ಕಿತ್ತು ಅವಳ ಓದೋ ಟೇಬಲ್ಲಿಗೆ ಅಂಟಿಸಿಕೊಂಡಿದ್ದಾಳೆ.

ಮುಂದಿನ ತಿಂಗಳು ಊರಲ್ಲಿ ಜಾತ್ರೆ. ಮಾವನಿಗೂ ಮಂಡಿ ನೋವು ಶುರುವಾಗಿದೆಯಂತೆ, ಅವರ ಮನೆಯಲ್ಲೂ ಸ್ವಿಚ್ಚು ನಡುಮನೆಯಲ್ಲಿ, ಮಂಚ ಒಳಗಿನ ಕೋಣೆಯಲ್ಲಿ. ಹೋಗೋವಾಗ ಅವನಿಗೂ ಎಲ್ಡು ಗುಂಡಿ ತಗಂಡು ಹೋಗಾನ ಅಂದರು ಅಮ್ಮ. “ಹಸ್ರುದ್ದು ಒಂದು, ಕೆಂಪುದ್ದು ಒಂದು. ಲೆಕ್ಕ ಬರೀದೆ ಇರೋದು ಕೊಡಿ ಅಂತ ಅಂಗ್ಡಿಯೋನ್ಗೆ ಮೊದ್ಲೇ ಹೇಳ್ಬುಡು.”